ಒಣಗಿದಂತಿರುವ ತೊಟ್ಟು

ಬಾಡಿಗೆ ಮನೆಯ ಜೊತೆ ಬಂದದ್ದು ಇಷ್ಟು:
ಒಂದು ಕಾಲು ಗಿಡ್ಡವಾದ ಮೇಜು,
ಮೀನಿನ ನಾತ ಬಿಡದ ಮಳೆಯಂಗಿ,
ಅಡುಗೆಮನೆಯ ಕಿಟಕಿಯಲ್ಲಿ ಈ ಬಳ್ಳಿ.
ಪರದೆಯ ಸರಳಿಗೆ ಎರಡು ಸುತ್ತು ಸುತ್ತಿ
ಗಡಿಯಾರದ ಮೊಳೆಯನ್ನೂ ಹಿಡಿದುಕೊಂಡಿತ್ತು.

ಬೊಗುಮಿಲಾ ಮೊದಲು ಪ್ಲಾಸ್ಟಿಕ್ಕೆಂದೇ ತಿಳಿದಳು.
ಉಗುರಲ್ಲಿ ಎಲೆ ಗೀರಿದಳು. ಹಾಲು ಬಂತು.
ನಮ್ಮ ಎಕ್ಕದ ದಾಯಾದಿ ಎಂದು ನಾನಾದರೆ ಹೇಳುತ್ತಿದ್ದೆ,
ಐಸ್‌ಲ್ಯಾಂಡಿನ ಆ ಮೀನೂರಿನಲ್ಲಿ
ಎಕ್ಕ ಕಂಡವರು ಯಾರು?
ದಪ್ಪ ಎಲೆ, ಅಲ್ಲಲ್ಲಿ ಬೆಳ್ಳಿ ಸಿಡಿದ ಚುಕ್ಕೆ.
ಇಷ್ಟುದ್ದದ ಬಳ್ಳಿಗೆ ಕುಂಡ ಒಂದು ಬಟ್ಟಲಿನಷ್ಟು.

ಕಾರ್ಖಾನೆಯ ಪಟ್ಟಿಯ ಮೇಲೆ ಕಾಡ್ ಮೀನು ಸರಿಯುವಾಗ
ಫೋನಿನ ಚಿತ್ರ ತೋರಿಸಿ ಅಕ್ಕಪಕ್ಕದವರನ್ನು ಕೇಳಿದಳು.
ಮೇಸ್ತ್ರಿ ಎಂದ: ಅಜ್ಜಿಯರ ಗಿಡ, ಹೆಸರು ಅಜ್ಜಿಯರಿಗೇ ಗೊತ್ತು.
ಲುಜ್‌ವಿಮಿಂದ ಕೈಗವಸು ಕಳಚಿ, ಚಿತ್ರ ಹಿಗ್ಗಿಸಿ ನಕ್ಕಳು:
ಇದರ ತಂಗಿ ನಮ್ಮ ದ್ವೀಪದಲ್ಲಿ ಮಾವಿನ ಮರ ಹತ್ತುತ್ತಾಳೆ,
ಇಲ್ಲಿ ಈಕೆಗೇನು ಕೆಲಸ?
ಗಂಟೆ ಬಾರಿಸಿತು. ಮೂವರೂ ಚಾಕು ಹಿಡಿದರು.

ಬೊಗುಮಿಲಾ ಅಚ್ಚುಕಟ್ಟಿನ ಹೆಂಗಸು.
ಭಾನುವಾರ ಎಲೆ ಒರೆಸಿದಳು, ನೀರು ಹೊಯ್ದಳು,
ಎಲೆಯಿಲ್ಲದೆ ಬೋಳಾಗಿ ಚಾಚಿದ್ದ ಕುಡಿ ತೆಗೆದಳು,
ಗೆಣ್ಣಿನಲ್ಲಿ ಕಂದಿ ಒಣಗಿದಂತಿದ್ದ
ಕಿರುಬೆರಳುದ್ದದ ಎರಡು ತೊಟ್ಟನ್ನೂ, ಕಚಕ್, ಕಚಕ್.
ಯಾರೋ ಕಿಟಕಿಯ ಗಾಜು ಬಡಿದರು.
ಪಕ್ಕದ ಮನೆಯ ಆರ್ನ್‌ಫ್ರೀದುರ್, ಎಂಬತ್ತೆರಡು,
ಮನೆಯೊಳಗಿನ ಚಪ್ಪಲಿಯಲ್ಲೇ ಹಿಮ ದಾಟಿ ಬಂದಿದ್ದಳು.

ಬೈದದ್ದು ಅರ್ಥವಾಗಲಿಲ್ಲ. ಬೈಗುಳವೆಂಬುದು ಅರ್ಥವಾಯಿತು.
ಕಸದ ಡಬ್ಬಿಯಲ್ಲಿ ಆಲೂಗಡ್ಡೆ ಸಿಪ್ಪೆ ಸರಿಸಿ
ತೊಟ್ಟುಗಳನ್ನು ಹೆಕ್ಕಿ ಮೇಜಿನ ಮೇಲಿಟ್ಟು
ಮುದುಕಿ ಉಗುರಿನಿಂದ ಎಣಿಸಿ ತೋರಿಸಿದಳು:
ಹೂ ಉದುರಿದ ಪ್ರತಿ ಸಲ ಒಂದು ಗಂಟು,
ಅದರ ಮುಂದೆ ಕೂದಲೆಳೆಯಷ್ಟು ಬೆಳೆದು ಮತ್ತೆ ಗಂಟು.
ಮರುವರ್ಷದ ಹೂವೂ ಅಲ್ಲಿಂದಲೇ.
ಒಂದರಲ್ಲಿ ಇಪ್ಪತ್ತೇಳು. ಇನ್ನೊಂದರಲ್ಲಿ ಮೂವತ್ತೊಂದು.
ಹತ್ತೊಂಬತ್ತರ ಹತ್ತಿರ ಉಗುರು ತುಸು ನಿಂತಿತು.
ಯಾಕೆಂದು ಕೇಳುವಷ್ಟು ಭಾಷೆ ಬೊಗುಮಿಲಾಗೆ ಇರಲಿಲ್ಲ.

ಆಮೇಲೆ ಪಾಠ, ಅರ್ಧ ಸನ್ನೆ, ಅರ್ಧ ಮುರುಕು ಇಂಗ್ಲಿಷು:
ಬೆರಳು ಎರಡು ಗೆಣ್ಣು ಇಳಿದರೂ ತೇವ ತಾಗದಿದ್ದರೆ, ಆಗ ನೀರು.
ಕುಂಡ ಬದಲಿಸಬೇಡ, ಇಕ್ಕಟ್ಟೇ ಇದಕ್ಕೆ ತವರು.
ಮೊಗ್ಗು ಕಚ್ಚಿದ ಮೇಲೆ ಒಂದಂಗುಲವೂ ತಿರುಗಿಸಬೇಡ,
ಮುನಿಸಿಕೊಂಡು ಎಲ್ಲ ಉದುರಿಸುತ್ತದೆ, ನನ್ನ ಅತ್ತೆಯ ಹಾಗೆ
(ಹುಬ್ಬು ಗಂಟಿಕ್ಕಿ ಅತ್ತೆಯಾಗಿ ತೋರಿಸಿದಳು).
ಬೋಳು ಕುಡಿ ಬೋಳಲ್ಲ, ಎಲೆ ತಡವಾಗಿ ಬರುತ್ತದೆ.
ಬಳ್ಳಿ ಆ ಅತ್ತೆಯದು; ಮನೆ ಮಾರಿ ಪಕ್ಕಕ್ಕೆ ಸರಿದಾಗ
ಸರಳಿನಿಂದ ಬಿಡಿಸಲಾಗದೆ ಬಿಟ್ಟದ್ದು.
ಅತ್ತೆಗೆ ಕೊಟ್ಟವಳು ಯಾವುದೋ ಕಪ್ತಾನನ ಹೆಂಡತಿ.
ಅದಕ್ಕೂ ಹಿಂದೆ? ತೋಳು ಬೀಸಿ ಸಮುದ್ರ ತೋರಿಸಿದಳು.
ಹೆಸರು ವಾಕ್ಸ್‌ಬ್ಲೋಮ್. ಮೇಣದ ಹೂ.

ಎರಡು ತಿಂಗಳು ಬೆಟ್ಟದ ಹಿಂದೆಯೇ ಉಳಿದ ಸೂರ್ಯ
ಜನವರಿಯ ಕೊನೆಗೆ ಬಂದು ಏಳು ನಿಮಿಷ ನಿಂತ.
ಊರೆಲ್ಲ ಅವನ ಹೆಸರಲ್ಲಿ ಕಾಫಿ ಕುಡಿದು ತೆಳ್ಳನೆ ಪ್ಯಾನ್‌ಕೇಕ್ ತಿಂದಿತು.
ಬಳ್ಳಿ ಏನೂ ಮಾಡಲಿಲ್ಲ.

ಜೂನಿನಲ್ಲಿ, ಪರದೆಯ ಹಿಂದೆ ಕತ್ತರಿಗೆ ಕಾಣದೆ ಉಳಿದಿದ್ದ
ಮೂರನೆಯ ತೊಟ್ಟಿನ ತುದಿಯಲ್ಲಿ
ಐದು ಮೂಲೆಯ ಗುಂಡಿಗಳು, ಯಾರೋ ಹೊಲಿದಿಟ್ಟಂತೆ.
ಬಿಚ್ಚಿದವು: ನಕ್ಷತ್ರ, ಅದರ ಮೇಲೆ ಕೂತ ಸಣ್ಣ ನಕ್ಷತ್ರ,
ಅಂಟಂಟಾಗಿ ತೂಗುವ ಜೇನಹನಿ.
ಕತ್ತಲೇ ಆಗದ ರಾತ್ರಿ ಹನ್ನೊಂದಕ್ಕೆ ಪರಿಮಳ ಎದ್ದಿತು.

ಆರ್ನ್‌ಫ್ರೀದುರಳ ಮೂಗು ಸತ್ತು ಆರು ವರ್ಷ.
ಬಳ್ಳಿಯ ಕೆಳಗೆ ಕೂತು, ಹೇಗಿದೆ ಹೇಳು, ಎಂದಳು.
ಬೊಗುಮಿಲಾಳ ಬಳಿ ಆ ಭಾಷೆಯ ಅರವತ್ತು ಪದ,
ಹೆಚ್ಚಿನವು ಮೀನಿನವು.
ಹುಡುಕಿದಳು. ಒಳ್ಳೆಯ, ಎಂದಳು. ರಾತ್ರಿ. ಸಕ್ಕರೆ.
ಮುದುಕಿ ಕಣ್ಣು ಮುಚ್ಚಿ ಕೇಳಿಸಿಕೊಂಡಳು.
ಕಣ್ಣು ತೆರೆಯದೆ ತಿದ್ದಿದಳು:
ರಾತ್ರಿ ಸ್ತ್ರೀಲಿಂಗ, ಸಕ್ಕರೆ ಪುಲ್ಲಿಂಗ,
ಎರಡಕ್ಕೂ ಒಂದೇ ‘ಒಳ್ಳೆಯ’ ಆಗುವುದಿಲ್ಲ.
ಮತ್ತೆ ಹೇಳು.